ಮಣ್ಣಿಗೆ ಬಂದವರು

ಕಾಶಿಯ ಹರಿಶ್ಚಂದ್ರ ಘಾಟ್‌ನಲ್ಲಿ ಹೆಣ ಸುಡುತ್ತಾರೆ, ಅಲ್ಲಿ ಫೋನ್ ಹೊರಗೆ ತೆಗೆಯಕೂಡದು ಎಂದು ಮನೆಯಿಂದ ಹೊರಡುವಾಗಲೇ ಭಾವನಿಗೆ ಹೇಳಿದ್ದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತ ಹನುಮಾನ್ ಘಾಟ್‌ನ ಗಲ್ಲಿಯಲ್ಲಿ ಬಾಡಿಗೆಗಿರುವ ನಾನು ಬಂದ ನೆಂಟರಿಗೆಲ್ಲ ಇದನ್ನೇ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಅಕ್ಕನ ಗಂಡನೂ ಆಡಿಸಿದರು.

ಘಾಟ್ ತಲುಪಿ ಐದು ನಿಮಿಷವಾಗಿಲ್ಲ, ಫೋನ್ ಕೈಗೆ ಬಂದಿತ್ತು! ಅರ್ಧ ಉರಿದ ಚಿತೆಯೊಂದರ ಹತ್ತಿರ ನಿಂತು, ಹೊರಗೆ ಚಾಚಿದ್ದ ಪಾದಗಳ ಫೋಟೊ ತೆಗೆಯುತ್ತಿದ್ದರು. ನನಗೆ ರೇಗಿಹೋಯಿತು. ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ, ಸತ್ತವರ ಮಗ, ತಲೆ ಬೋಳಿಸಿಕೊಂಡು ಬಿಳಿ ಬಟ್ಟೆ ಉಟ್ಟವನು, ಎದ್ದು ಬಂದು ಭಾವನನ್ನು ಕೇಳಿದ.

“ಮಾಟಿ ಮೇಂ ಆಯಲ್ ಹಉವಾ?”

ಅಂತ್ಯಸಂಸ್ಕಾರಕ್ಕೆ ಬಂದವರನ್ನು ನಾವು ‘ಮಣ್ಣಿಗೆ ಬಂದಿದ್ದೀರಾ’ ಎಂದು ಕೇಳುವಂಥದೇ ಮಾತು. ಹೂಳದೆ ಸುಡುವವರೂ ಇಲ್ಲಿ ಹೀಗೇ ಕೇಳುತ್ತಾರೆ. ಭಾವನ ಹಿಂದಿಗೆ ದಕ್ಕಿದ್ದು ಬರೀ ಮಣ್ಣು. ಕಾಶಿಯ ಮಣ್ಣು ನೋಡಲು ಬಂದಿರಾ ಎಂದು ಕೇಳುತ್ತಿದ್ದಾನೆಂದುಕೊಂಡು “ಹಾಂ ಜೀ, ಹಾಂ ಜೀ” ಅಂದರು.

ಅವನ ಮುಖ ಮೆತ್ತಗಾಯಿತು. ಐದು ಸಣ್ಣ ಕಟ್ಟಿಗೆ ಚೂರು ತಂದು ಭಾವನ ಕೈಗಿಟ್ಟ. ಮಣ್ಣಿಗೆ ಬಂದವರು ಅದನ್ನು ಚಿತೆಗೆ ಹಾಕಬೇಕು. ಭಾವ ಫೋನನ್ನು ನನ್ನತ್ತ ಚಾಚಿದರು.

“ನಾನು ಹಾಕೋವಾಗ ಒಂದು ತೆಗಿಯೋ.”

ಫೋನ್ ಕಿತ್ತುಕೊಂಡು ಜೇಬಿಗಿಟ್ಟೆ. “ಅದು ಅವರಪ್ಪ. ಸುಮ್ಮನೆ ಹಾಕಿ, ಕೈ ಮುಗೀರಿ” ಎಂದು ಹಲ್ಲು ಕಚ್ಚಿ ಹೇಳಿದೆ. ಹಾಕಿದರು. ಆ ಮಗ ನಮ್ಮಿಬ್ಬರಿಗೂ ಕೈ ಮುಗಿದ. ಅವನಿಗೆ ನಿಜ ಹೇಳುವ ಧೈರ್ಯ ನನಗಾಗಲಿಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.

ಗಲ್ಲಿಯಲ್ಲಿ ಭಾವನ ಉತ್ಸಾಹವೋ ಉತ್ಸಾಹ. “ಎಂಥಾ ಅನುಭವ ಕಣೋ! ಫೋನ್ ಕೊಡು, ಫ್ಯಾಮಿಲಿ ಗ್ರೂಪಿಗೆ ಹಾಕ್ತೀನಿ.”

ಫೋನ್ ಕೊಟ್ಟೆ. “ಮೊದಲು ಆ ಫೋಟೊ ಅಳಿಸಿ.”

“ಎಲ್ಲರೂ ತೆಗೀತಾರಪ್ಪ!”

“ನಿಮ್ಮಪ್ಪ ಹೋದಾಗ ಯಾರು ತೆಗೆದಿದ್ರು?”

ಮುಖ ಊದಿಸಿಕೊಂಡು ಒಂದೊಂದಾಗಿ ಅಳಿಸಿದರು. ಮನೆ ಮುಟ್ಟಿದ್ದೇ ಚಪ್ಪಲಿ ಬಿಟ್ಟು, ಚಹಾ ಕೇಳುತ್ತ ಒಳಗೆ ಕಾಲಿಡಲು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಸ್ನಾನ ಮಾಡಿ ಬನ್ನಿ.”

“ಈ ಚಳೀಲಾ? ಸತ್ತವನು ನಮಗೇನಾಗಬೇಕೋ?”

“ಮಣ್ಣಿಗೆ ಬಂದಿದ್ದೀನಿ ಅಂತ ನೀವೇ ಹೇಳಿದ್ರಲ್ಲ ಭಾವ. ಅವರ ಮಗ ನಂಬಿದ.”

ಅಂಗಳದ ನಲ್ಲಿಯ ಕೆಳಗೆ ಬಕೆಟ್ ಇಟ್ಟು ತಿರುಗಿಸಿದೆ.