ಚಕ್ರದ ಮೇಲಿನ ಮೂರು ಬೊಟ್ಟು

ನಾನು ಕುಡಿದಿದ್ದೆ ಅನ್ನುವವರು ಮೊದಲೇ ಕೇಳಿರಿ. ಅಂದು ಆಯುಧಪೂಜೆ. ಬೆಳಗಿನಿಂದ ನನ್ನ ಬಾಯಿಗೆ ಚಹಾ ಬಿಟ್ಟು ಬೇರೇನೂ ತಾಗಿರಲಿಲ್ಲ. ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಲಂಡನ್ನಿನ ಥೇಮ್ಸ್ ನದಿಯಲ್ಲಿ ಜನರನ್ನು ವಿಹಾರಕ್ಕೆ ಒಯ್ಯುವ ದೊಡ್ಡ ಸ್ಟೀಮರಿನಲ್ಲಿ ನನ್ನದು ಗ್ರೀಸ್ ಹಚ್ಚುವ ಕೆಲಸ. ಹಿಂಬದಿಯಲ್ಲಿ ಎರಡಾಳೆತ್ತರದ ಚಕ್ರ. ಅದರ ಬಿಳಿ ಹಲಗೆಗಳು ನೀರು ತಳ್ಳಿದರೆ ಹಡಗು ಮುಂದೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಆ ಚಕ್ರ ಕೆಮ್ಮಿದರೆ ಸಾಕು, ನೋವೆಲ್ಲಿ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಹನ್ನೊಂದು ವರ್ಷ ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿದವನು ನಾನೇ. ಈ ಸಲ ನನ್ನ ಷಡ್ಡಕ ಮಾಂತೇಶ. ಹೆಂಡತಿಯ ತಂಗಿಯ ಗಂಡ, ಡಿಪ್ಲೊಮಾ ಓದಿದವನು. ಅವನಿಗೆ ಅಲ್ಲಿ ಕೆಲಸ ಕೊಡಿಸಿದವನು ನಾನು. ಎಂಟೇ ತಿಂಗಳಲ್ಲಿ ನನ್ನ ಮೇಲೆ ಮೇಸ್ತ್ರಿಯಾದವನು ಅವನು.

“ಅಣ್ಣಾರ, ನೀವು ಹಚ್ಚ್ರಿ,” ಅಂದ.

“ಯಾರ ಕೈಯಾಗ ಇಂಜಿನ್ ಐತಿ, ಅವ್ರೇ ಹಚ್ಬೇಕು. ಹಚ್ಚಪಾ, ದೊಡ್ಡ ಮನಶ್ಯಾ!” ಎಂದು ಕುಟುಕಿದೆ.

ಅವನು ನಿಜವಾಗಿಯೂ ಹಚ್ಚಿಬಿಟ್ಟ. ನಗುತ್ತ, ಫೋಟೊ ತೆಗೆಸಿಕೊಂಡು.

ಪೂಜೆಯಾದರೆ ಮರುದಿನದವರೆಗೆ ಯಂತ್ರ ಮುಟ್ಟಬಾರದು. ಅಂದು ಟ್ರಿಪ್ ಇರಲಿಲ್ಲ, ಎಲ್ಲರೂ ಮನೆಗೆ ಹೋದರು. ಈಸ್ಟ್ ಹ್ಯಾಮ್‌ನ ಮನೆಯಲ್ಲಿ ಹೋಳಿಗೆ ಕಾಯುತ್ತಿತ್ತು. ನನಗೆ ಹೋಗಲಾಗಲಿಲ್ಲ. ಕತ್ತಲಾದ ಮೇಲೆ ಹಡಗಿಗೆ ಮರಳಿದೆ.

ಬಾಯ್ಲರ್ ತಣ್ಣಗಿತ್ತು. ಚಕ್ರಕ್ಕೆ ಸರಪಳಿ ಬಿಗಿದಿತ್ತು. ಇಳಿತದ ನದಿಯ ಕೆಸರು ವಾಸನೆ... ಟಾರ್ಚ್ ಬೆಳಕು ಬಿಟ್ಟೆ. ಹಲಗೆಯ ಮೇಲೆ ಸಾಲಾಗಿ ಮಾಂತೇಶನ ಮೂರು ಬೊಟ್ಟು. ಜೇಬಿನ ಚಿಂದಿಯಿಂದ ಒರೆಸಿದೆ. ಹೌದು, ಮುತ್ತೈದೆಯ ಹಣೆಯಿಂದ ಒರೆಸಬಾರದ್ದನ್ನು ಒರೆಸಿದೆ. ತಂದಿದ್ದ ಕುಂಕುಮದಿಂದ ಅಲ್ಲಿಯೇ ನನ್ನ ಹೆಬ್ಬೆರಳಿನ ಒಂದೇ ಒಂದು ಬೊಟ್ಟು ಇಟ್ಟೆ.

“ಈಗ ಸರಿ ಆತು ನೋಡವ್ವಾ,” ಎಂದು ಪಿಸುಗುಟ್ಟಿದೆ.

ಕಿರ್‍ರ್...

ಆಮೇಲೆ ಬಿಸಿ ಎಣ್ಣೆಯ ವಾಸನೆ. ತಣ್ಣಗಿದ್ದ ಹಡಗಿನಲ್ಲಿ!

ಚಕ್ರ ತಿರುಗಿತು. ಮೆಲ್ಲಗೆ... ಮುನಿಸಿಕೊಂಡ ಹೆಂಗಸು ಮಗ್ಗಲು ಬದಲಿಸಿದ ಹಾಗೆ. ಸರಪಳಿ ಬಿಗಿದದ್ದು ಬಿಗಿದಂತೆಯೇ ಇತ್ತು. ನನ್ನ ಬೊಟ್ಟಿನ ಹಲಗೆ ನೀರಿಗಿಳಿಯಿತು. ಪೂರ್ತಿ ಒಂದು ಸುತ್ತು ಸುತ್ತಿ, ಮತ್ತೆ ನನ್ನ ಮುಖದ ಮುಂದೆ ಬಂದು ನಿಂತಿತು.

ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಮೇಲೆ ಸಾಲಾಗಿ ಮೂರು ಬೊಟ್ಟು.

ಮುಟ್ಟಿ ನೋಡಿದೆ. ಕುಂಕುಮ ಒಣಗಿತ್ತು.

ಮಾಂತೇಶನಿಗೆ ಇನ್ನೂ ಹೇಳಿಲ್ಲ. ನದಿಯ ಸೆಳೆತ ಅಂದಾನು, ಓದಿದವನು. ನಾನು ದಿನವೂ ಹೋಗಿ ಗ್ರೀಸ್ ಹಚ್ಚುತ್ತೇನೆ. ಆದರೆ ಚಕ್ರ ಈಗ ಕೆಮ್ಮುವುದು ಅವನು ಹತ್ತಿರ ಇದ್ದಾಗ ಮಾತ್ರ. ನಾನು ಕಿವಿಗೊಟ್ಟರೆ... ಸುಮ್ಮನಾಗಿಬಿಡುತ್ತದೆ.