ಗ್ಯಾರೇಜಿನಲ್ಲಿ ಉಳಿದ ಮೇಜು

ಫಿನ್ನಿಷ್ ಭಾಷೆಯಲ್ಲಿ ನನಗೆ ಗೊತ್ತಿರುವುದು ಒಂದೇ ಮಾತು: ಲೀಟೊಸ್. ಮರಕ್ಕೆ ಮರ ಕೂಡಿಸಿದರೂ, ತಂತಿಗೆ ತಂತಿ ಬೆಸೆದರೂ, ಪೈಪಿಗೆ ಪೈಪು ಸೇರಿಸಿದರೂ ಆ ಜೋಡಣೆಗೆ ಪಕ್ಕದ ಮನೆಯ ಅಜ್ಜ ಅದನ್ನೇ ಹೇಳುತ್ತಿದ್ದರು. ಫಿನ್ಲೆಂಡಿನಿಂದ ಬಂದು ಅಮೆರಿಕದಲ್ಲಿಯೇ ಮುದುಕರಾದವರು. ಉಪಕರಣಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ ಹೇಳಿದರೂ ಈ ಒಂದು ಮಾತನ್ನು ಬಿಟ್ಟಿರಲಿಲ್ಲ.

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಆ ಚಳಿಗಾಲ, ಪಾಲೋ ಆಲ್ಟೋದಲ್ಲಿದ್ದ ನಮ್ಮವರ ಆಫೀಸೂ ಮುಚ್ಚಿತು. ವೀಸಾ ಇದ್ದದ್ದು ಆ ಕೆಲಸದಿಂದ. ಬೇಗ ಬೇರೆ ಕೆಲಸ ಸಿಗದಿದ್ದರೆ ಮಂಗಳೂರಿಗೆ ಹೊರಡಬೇಕು. ಇವರು ಬೆಳಿಗ್ಗೆ ಮೊದಲಿನಂತೆಯೇ ಇಸ್ತ್ರಿ ಶರ್ಟು ಹಾಕಿಕೊಂಡು, ಅಲ್ಲಿ ಇಲ್ಲಿ ಫೋನು ಮಾಡಿ, ಆಮೇಲೆ ಅಜ್ಜನ ಗ್ಯಾರೇಜಿಗೆ ಹೋಗುತ್ತಿದ್ದರು. ಇಬ್ಬರೂ ಸೇರಿ ನಮಗೊಂದು ಊಟದ ಮೇಜು ಮಾಡತೊಡಗಿದರು.

ಪ್ಲೆಸೆಂಟನ್ ಊರಿನಲ್ಲಿದ್ದ ಗೆಳತಿ ಫೋನಿನಲ್ಲಿ ನಕ್ಕಳು. "ಏನೇ, ಊರೋರೆಲ್ಲ ಫರ್ನಿಚರ್ ಮಾರ್ತಿದ್ರೆ ನಿಮ್ಮನೇಲಿ ಹೊಸ ಟೇಬಲ್ಲಾ? ನಿನ್ ಗಂಡಂಗೆ ಸ್ವಲ್ಪ ಹೇಳೇ."

"ಏನಂತ ಹೇಳ್ಲಿ?" ಎಂದೆ.

ಕಾಲು ಕೂಡಿಸುವ ದಿನ ನಾನು ಚಹಾ ಒಯ್ದಿದ್ದೆ. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಕಾಲಿನ ತೂತಿನಲ್ಲಿ ಬಿಗಿಯಾಗಿ ಕೂರುವಂತೆ ಮಾಡಿದ್ದರು. ಅಜ್ಜ ಒಂದು ಕೈಯಲ್ಲಿ ಬೋಲ್ಟು, ಇನ್ನೊಂದರಲ್ಲಿ ಅಂಟಿನ ಡಬ್ಬಿ ಹಿಡಿದು ಕೇಳಿದರು: ಬಿಚ್ಚಬಹುದಾದ ಲೀಟೊಸ್ ಬೇಕೋ, ಬಿಚ್ಚಲಾಗದ್ದೋ? ಬೋಲ್ಟಾದರೆ ಕಾಲು ತೆಗೆದು ಹಡಗಿನಲ್ಲಿ ಸಾಗಿಸಬಹುದು. ಅಂಟಾದರೆ ಆಗದು.

"ಗ್ಲೂ," ಎಂದರು ಇವರು.

ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಆದರೂ ಕನ್ನಡದಲ್ಲಿ ಮೆಲ್ಲನೆ ಹೇಳಿದೆ, "ರೀ, ಬೋಲ್ಟೇ ಇರಲಿ ಅಲ್ವಾ?"

"ಯಾಕೆ? ನಾವೆಲ್ಲಿಗೆ ಹೋಗ್ತೀವಿ ಈಗ?"

ಇವರು ಬ್ರಶ್ಶಿನಲ್ಲಿ ಅಂಟು ಸವರಿದರು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ, ಮಗುವಿನ ಬಾಯಿ ಒರೆಸುವಷ್ಟು ಹಗುರವಾಗಿ ಒರೆಸಿದರು.

ಕೆಲಸ ಸಿಗಲಿಲ್ಲ. ಸಾಮಾನು ಕಟ್ಟಲು ಬಂದವನು ಮೇಜನ್ನು ಅಳೆದು, ಆಗದೆಂದು ತಲೆಯಾಡಿಸಿ ಹೋದ. ಅಜ್ಜ ಗರಗಸ ತಂದರು. ಕಾಲು ಕೊಯ್ದು ಕಳಿಸೋಣ, ಊರಿನ ಬಡಗಿ ಮತ್ತೆ ಕೂಡಿಸುತ್ತಾನೆ ಎಂದರು.

ಇವರು ಮೇಜಿನ ಮೂಲೆ ಹಿಡಿದು ಜೋರಾಗಿ ಅಲ್ಲಾಡಿಸಿದರು. ಕದಲಲಿಲ್ಲ.

"ನೋಡು, ಎಷ್ಟು ಗಟ್ಟಿ ಕೂತಿದೆ," ಎಂದರು ನನಗೆ.

ಗರಗಸವನ್ನು ಅಜ್ಜನ ಕೈಯಿಂದ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ನಮಗೆ ಬೆನ್ನು ಮಾಡಿ ನಿಂತು ಅತ್ತರು. ಬೀದಿಯವರಿಗೆ ಕಾಣದಿರಲೆಂದು ಅಜ್ಜ ಗ್ಯಾರೇಜಿನ ಬಾಗಿಲನ್ನು ನಿಧಾನವಾಗಿ ಕೆಳಗಿಳಿಸಿದರು.