ಮೆಟ್ಟಿಲ ತಿರುವಿನ ಕನ್ನಡಿ

ನಮ್ಮ ದೊಡ್ಡಪ್ಪನ ಜೊತೆ ಹಳೆಯ ಸಿನಿಮಾ ನೋಡಲು ಕೂರುವುದೂ ಒಂದೇ, ಪರೀಕ್ಷೆಗೆ ಕೂರುವುದೂ ಒಂದೇ. ನಾಯಕ ನಾಯಕಿಯರ ಮುಖ ಅವರಿಗೆ ಕಾಣುವುದೇ ಇಲ್ಲ. ಕಣ್ಣೆಲ್ಲ ಹಿಂದಿನ ಗೋಡೆಯ ಮೇಲೆ. ಪೇಟೆ ಬೀದಿಯ ಟಾಕೀಸುಗಳೆಲ್ಲ ಒಂದೊಂದಾಗಿ ನೆಲಸಮವಾದರೂ, ಆ ಕಾಲದ ಸಿನಿಮಾದವರು ಅವುಗಳನ್ನೇ ತೆರೆಯ ಮೇಲೆ ಅರಮನೆ, ಆಸ್ಪತ್ರೆ, ಕೋರ್ಟು ಮಾಡಿ ಉಳಿಸಿಟ್ಟಿದ್ದಾರೆ ಎಂಬುದು ಅವರ ವಾದ. ನಾಯಕನಿಗೆ ಗಲ್ಲುಶಿಕ್ಷೆಯಾಗಿ ನಾವೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ರಿಮೋಟ್ ಒತ್ತಿ, "ಕೋರ್ಟಂತೆ ಕೋರ್ಟು. ಇದು ನಮ್ಮ ಪೇಟೆ ಟಾಕೀಸು ಕಣ್ರೋ, ಆ ಕಂಬ ನೋಡಿ" ಎನ್ನುತ್ತಾರೆ. ಜಡ್ಜು ಪಾಪ, ಬಾಯಿ ತೆರೆದುಕೊಂಡು ಹಾಗೇ ಕೂತಿರುತ್ತಾನೆ. ಇಂಥವರು ಸೋಲುತ್ತಿದ್ದದ್ದು ದೊಡ್ಡಮ್ಮನ ಮುಂದೆ ಮಾತ್ರ. ಮದುವೆಗೆ ಮುಂಚೆ ದೊಡ್ಡಮ್ಮನನ್ನು ತಾನು ಮೊದಲು ಕಂಡದ್ದು ಆ ಟಾಕೀಸಿನ ಮೆಟ್ಟಿಲ ತಿರುವಿನ ದೊಡ್ಡ ಕನ್ನಡಿಯಲ್ಲಿ ಎಂದು ಇವರು. "ಅಲ್ಲಿ ಕನ್ನಡಿಯೇ ಇರ್ಲಿಲ್ಲ" ಎಂದು ಆಕೆ. ಮೊನ್ನೆ ಒಂದು ಚಿತ್ರದಲ್ಲಿ ಅದೇ ಮೆಟ್ಟಿಲು ಖಳನಾಯಕನ ಬಂಗಲೆಯಾಗಿತ್ತು. ಅವನ ಹೆಗಲ ಹಿಂದೆ ಆಳೆತ್ತರದ ಕನ್ನಡಿ. ದೊಡ್ಡಪ್ಪ ಚಿತ್ರ ನಿಲ್ಲಿಸಿ, ಇಡೀ ಮನೆಯನ್ನು ಕೂಗಿ ಕರೆದರು. ದೊಡ್ಡಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, "ಇತ್ತು ಬಿಡಿ. ಅದರ ಮುಂದೆ ನಿಂತು ನೀವು ಕ್ರಾಪು ತೀಡ್ಕೊಳ್ತಿದ್ದದ್ದನ್ನ ಮೊದಲು ನೋಡಿದ್ದೇ ನಾನು. ಕನ್ನಡಿ ಇತ್ತು ಅಂತ ಒಪ್ಕೊಂಡಿದ್ರೆ ಅದನ್ನೂ ಹೇಳ್ಬೇಕಾಗ್ತಿತ್ತಲ್ಲ" ಎಂದರು. ದೊಡ್ಡಪ್ಪ ತಮ್ಮ ಬೋಳು ತಲೆಯನ್ನು ಎರಡೂ ಕೈಯಿಂದ ನೀಟಾಗಿ ತೀಡಿಕೊಂಡು, "ಇನ್ನೊಂದ್ಸಲ ಹೇಳು, ಎಲ್ಲರಿಗೂ ಕೇಳ್ಲಿ" ಎಂದರು.